ಚಿಮ್ಮುಗೊಳವೆಗೆ ಒಂದು ವಿದ್ಯುತ್ ತಿರುಗಣೆ

ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನಂಥ ಊರುಗಳಲ್ಲಿ ರಾಗಿಯ ಹುಲ್ಲನ್ನು ಕಣದ ಮಗ್ಗುಲಲ್ಲಿ ಮೆದೆ ಒಟ್ಟಿಕೊಂಡು, ವರ್ಷವೆಲ್ಲ ಅದರಿಂದ ಹಿರಿದು ದನಗಳಿಗೆ ಹಾಕುವುದು ಹಿಂದಿನಿಂದ ಬಂದ ಪದ್ಧತಿ. ಸೀಮೆಹಸುಗಳನ್ನು ಕಟ್ಟಿ ಡೈರಿಗೆ ಹಾಲು ಹಾಕುವ ಬಾಳುವೆ ಬಲಿತ ಮೇಲೆ ಅದೊಂದೇ ಸಾಲದಾಯಿತು. ಹಸಿಯ ಮುಸುಕಿನ ಜೋಳವನ್ನು ಸಣ್ಣಗೆ ಕತ್ತರಿಸಿ ಗುಂಡಿಯಲ್ಲಿ ತುಳಿದು ರಸಮೇವು ಮಾಡುವುದೂ, ಒಣಹುಲ್ಲನ್ನು ಕೂಡ ಕತ್ತರಿಸಿಯೇ ತಿನ್ನಿಸುವುದೂ ನಮ್ಮ ನಾಡಿನಲ್ಲಿ ರೂಢಿಗೆ ಬಂದಿವೆ. ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡುವ ಯಂತ್ರವನ್ನು ಟ್ರ್ಯಾಕ್ಟರಿನ ಹಿಂಬದಿಗೆ ಜೋಡಿಸುತ್ತಾರೆ. ಒಂದು ಭಾರವಾದ ಗಾಲಿಯ ಮೇಲೆ ಕತ್ತಿಗಳೂ ಬೀಸುಹಲಗೆಗಳೂ ಇರುತ್ತವೆ. ಕತ್ತಿಗಳು ಮೇವನ್ನು ತುಂಡರಿಸುತ್ತವೆ. ಬೀಸುಹಲಗೆಗಳು ಆ ತುಂಡುಗಳನ್ನು ಮೇಲಕ್ಕೆ ಎಸೆಯುತ್ತವೆ. ಎಸೆದ ಮೇವು ಹಂಸದ ಕೊರಳಿನಂತೆ ಬಾಗಿದ ಒಂದು ಕೊಳವೆಯ ಮೂಲಕ ಹಾರಿ ಗಾಡಿಗೋ ಗುಂಡಿಗೋ ಬೀಳುತ್ತದೆ. ಈ ಕೊಳವೆಯನ್ನು ಪ್ರಕೃತ ಲೇಖನದಲ್ಲಿ ಚಿಮ್ಮುಗೊಳವೆ ಎಂದು ಕರೆಯೋಣ.

ಚಿಮ್ಮುಗೊಳವೆ ಒಂದೇ ಕಡೆಗೆ ಮುಖಮಾಡಿ ನಿಂತರೆ ಕೆಲಸ ಸಾಗದು. ಗಾಡಿಯ ಒಂದು ಮೂಲೆ ತುಂಬಿದೊಡನೆ ಇನ್ನೊಂದು ಮೂಲೆಗೆ ತಿರುಗಿಸಬೇಕು. ಗಾಳಿ ದಿಕ್ಕು ಬದಲಿಸಿದರೆ ಅದನ್ನು ಅನುಸರಿಸಬೇಕು. ಹೊಲದ ಕೊನೆಯಲ್ಲಿ ಟ್ರ್ಯಾಕ್ಟರು ಹೊರಳಿದರೆ ಕೊಳವೆಯೂ ಹೊರಳಬೇಕು. ಇದನ್ನು ಮಾಡುವ ಬಗೆಯಾದರೂ ಎಂಥದು? ಚಾಲಕನು ಆಸನದಿಂದ ಇಳಿದು, ಯಂತ್ರದ ಬಳಿಗೆ ಹೋಗಿ, ಕೈಯಿಂದಲೇ ಕೊಳವೆಯನ್ನು ನೂಕುತ್ತಾನೆ. ಇಂಜಿನನ್ನು ನಿಲ್ಲಿಸಿ ಇಳಿಯಬೇಕೆಂಬುದು ಎಲ್ಲರಿಗೂ ಗೊತ್ತು. ಮೋಡ ಕವಿದ ಸಂಜೆಯಲ್ಲಿ ಇಪ್ಪತ್ತನೆಯ ಸಲ ಇಳಿಯುವಾಗ ಎಷ್ಟು ಮಂದಿ ನಿಲ್ಲಿಸುತ್ತಾರೆಂಬುದು ಬೇರೆ ಮಾತು. ಟ್ರ್ಯಾಕ್ಟರಿನಿಂದ ಶಕ್ತಿಯನ್ನು ಹೊರಕ್ಕೊಯ್ಯುವ, ಚಾಲಕರು ಪಿ.ಟಿ.ಓ. ಎಂದು ಕರೆಯುವ ದಂಡವು ನಿಮಿಷಕ್ಕೆ ೫೪೦ ಸುತ್ತು, ಎಂದರೆ ಸೆಕೆಂಡಿಗೆ ೯ ಸುತ್ತು ತಿರುಗುತ್ತದೆ. ಪಂಚೆಯ ಸೆರಗು ಸಿಕ್ಕಿತೆಂದು ಮನುಷ್ಯನು ಅರಿತು ಕೈ ಹಿಂದೆಗೆಯಲು ಅರ್ಧ ಸೆಕೆಂಡು ಬೇಕೆಂದಿಟ್ಟುಕೊಂಡರೂ ಅಷ್ಟರಲ್ಲಿ ದಂಡವು ನಾಲ್ಕೂವರೆ ಸುತ್ತು ಬಟ್ಟೆಯನ್ನು ಸುತ್ತಿಕೊಂಡಿರುತ್ತದೆ. ಒಕ್ಕಣೆ ಯಂತ್ರಗಳಿಗೆ ಕೈ ತೆತ್ತವರ ಸಂಖ್ಯೆ ಹೆಚ್ಚಿದ ಕಾರಣದಿಂದಲೇ ನಮ್ಮ ಸಂಸತ್ತು ೧೯೮೩ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆಯನ್ನು ಮಾಡಬೇಕಾಯಿತು. ಕಾಯಿದೆಯು ಯಂತ್ರ ತಯಾರಿಸುವವರ ಕೈಯನ್ನು ಹಿಡಿಯಬಲ್ಲುದು. ಹೊಲದಲ್ಲಿ ಕೊಳವೆಯನ್ನು ನೂಕಲು ಹೋಗುವ ಕೈಯನ್ನು ಹಿಡಿಯುವವರು ಯಾರು? ಆಸನದಲ್ಲಿ ಕುಳಿತೇ ಕೊಳವೆಯನ್ನು ತಿರುಗಿಸುವಂತಾದರೆ ಇಳಿಯುವ ಪ್ರಮೇಯವೇ ಬಹುಮಟ್ಟಿಗೆ ಇಲ್ಲವಾಗುತ್ತದೆ.

ಈ ಸಮಸ್ಯೆಯನ್ನು ನಮಗಿಂತ ಮೊದಲು ಎದುರಿಸಿದವರು ಹಿಮ ಬೀಳುವ ದೇಶದವರು. ಹಿಮವೆಂದರೆ ನಮಗೆ ಪುರಾಣದ ಮತ್ತು ಸಿನಿಮಾದ ವಸ್ತು. ಆದರೆ ಟೊರಾಂಟೊದಲ್ಲಿ ನೆಲಸಿದ ನಮ್ಮವರ ಮಕ್ಕಳಿಗೆ ಅದು ಬೆಳಗಿನ ಹೊತ್ತು ಬಾಗಿಲ ಮುಂದಿನಿಂದ ಎತ್ತಿ ಹಾಕಬೇಕಾದ ಹೊರೆ. ಕೆನಡಾದ ಕ್ವಿಬೆಕ್ ಪ್ರಾಂತದ ಆರ್ಥರ್ ಸಿಕಾರ್ ಎಂಬಾತ ೧೯೨೫ರಲ್ಲಿ ಹಿಮವನ್ನು ಕಬಳಿಸಿ ಕೊಳವೆಯಿಂದ ದೂರಕ್ಕೆ ಉಗಿಯುವ ಯಂತ್ರವನ್ನು ರಚಿಸಿದನು. ಗೋಧಿ ಒಕ್ಕುವ ಯಂತ್ರವೊಂದನ್ನು ನೋಡಿ ಅವನಿಗೆ ಈ ಕಲ್ಪನೆ ಹೊಳೆಯಿತೆಂದು ಹೇಳುತ್ತಾರೆ. ಅದೇ ಜಾತಿಯ ಸಣ್ಣ ಯಂತ್ರಗಳನ್ನು ಈಗ ಅಲ್ಲಿಯ ರೈತರು ಟ್ರ್ಯಾಕ್ಟರಿಗೆ ಜೋಡಿಸುತ್ತಾರೆ. ಅವುಗಳ ಕೊಳವೆಯನ್ನು ತಿರುಗಿಸಲು, ಹಳೆಯ ಕಾರಿನ ಮೋಟಾರುಗಳಿಂದ, ತಾವೇ ಮನೆಯಲ್ಲಿ ತಿರುಗಣೆಯನ್ನು ಮಾಡಿಕೊಳ್ಳುವುದೂ ಉಂಟು. ಒಕ್ಕಣೆಯ ಕಣದಿಂದ ಹಿಮಕ್ಕೆ ಹೋದ ಉಪಾಯವನ್ನು ಮತ್ತೆ ಹೊಲಕ್ಕೆ ತರುವುದರಲ್ಲಿ ಸಂಕೋಚಪಡಬೇಕಾದದ್ದೇನೂ ಇಲ್ಲ.

ಅಂಥ ಒಂದು ತಿರುಗಣೆಯನ್ನು ನಮ್ಮ ಕಾರ್ಯಶಾಲೆಯಲ್ಲಿ ಮಾಡಹೊರಟು ಮೊದಲ ಸಲ ಮುಗ್ಗರಿಸಿದೆವು. ಆ ಮುಗ್ಗರಿಕೆಯೇ ಪದವಿ ತರಗತಿಯ ವಿದ್ಯಾರ್ಥಿಗೆ ಹೆಚ್ಚು ಬೋಧಕವಾದ ಕಾರಣ ಅದನ್ನು ತುಸು ವಿಸ್ತಾರವಾಗಿ ಹೇಳಬೇಕಾಗಿದೆ.

ಕೊಳವೆಯ ತೂಕ ೧೫ ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಅದು ೧೫ ಸೆಂಟಿಮೀಟರ್ ತ್ರಿಜ್ಯದ ಒಂದು ಬಳೆಯ ಮೇಲೆ ಕುಳಿತು ತಿರುಗುತ್ತದೆ. ಕಬ್ಬಿಣ ಕಬ್ಬಿಣಕ್ಕೆ ಉಜ್ಜುವಾಗ ಘರ್ಷಣಾಂಕ ೦.೪ ಎನ್ನೋಣ. ತೂಕವು ೧೪೭ ನ್ಯೂಟನ್, ಘರ್ಷಣೆಯ ಬಲ ೫೯ ನ್ಯೂಟನ್, ಅದನ್ನು ೦.೧೫ ಮೀಟರಿನಿಂದ ಗುಣಿಸಿದರೆ ಬೇಕಾದ ತಿರುಗುಬಲ ಸುಮಾರು ೯ ನ್ಯೂಟನ್-ಮೀಟರ್. ಇದರ ಜೊತೆಗೆ ಹೊಲದ ಇಳಿಜಾರನ್ನು ಸೇರಿಸಬೇಕು. ಕೊಳವೆಯ ಕೊರಳು ಒಂದು ಕಡೆಗೆ ಚಾಚಿಕೊಂಡಿರುವುದರಿಂದ ಅದರ ಭಾರಕೇಂದ್ರವು ಅಕ್ಷದಿಂದ ೪೦ ಸೆಂಟಿಮೀಟರಿನಷ್ಟು ಆಚೆಗಿದೆ. ಟ್ರ್ಯಾಕ್ಟರು ೧೦ ಡಿಗ್ರಿ ವಾಲಿ ನಿಂತರೆ ಕೊಳವೆ ತಾನಾಗಿಯೇ ತಗ್ಗಿನ ಕಡೆಗೆ ತಿರುಗಲೆಳಸುತ್ತದೆ. ಅದರ ತಿರುಗುಬಲವು ಸುಮಾರು ೧೦ ನ್ಯೂಟನ್-ಮೀಟರ್. ಒಟ್ಟು ೧೯. ಹಾರುವ ಮೇವಿನ ಪ್ರತಿಬಲವನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಕೊಳವೆಯ ಬಾಗು ಅಕ್ಷವನ್ನು ಒಳಗೊಂಡ ಸಮತಲದಲ್ಲಿಯೇ ಇರುವುದರಿಂದ ಆ ಬಲವು ಅಕ್ಷದ ಮೂಲಕ ಹಾದು ಹೋಗುತ್ತದೆ, ತಿರುಗಿಸುವುದಿಲ್ಲ.

ಇನ್ನು ಮೋಟಾರು. ಕಾರಿನ ಮುಂಗಾಜಿನ ಮೇಲಣ ಮಳೆನೀರನ್ನು ಒರಸುವ ವೈಪರ್ ಮೋಟಾರು ೧೨ ವೋಲ್ಟಿನದು. ನಮ್ಮ ಟ್ರ್ಯಾಕ್ಟರುಗಳ ಬ್ಯಾಟರಿಯೂ ಅಷ್ಟೆ. ಗುಜರಿಯಲ್ಲಿ ಅಗ್ಗವಾಗಿ ದೊರೆಯುತ್ತದೆ. ನಿಧಾನಗತಿಯಲ್ಲಿ ಅದರ ಹೊರದಂಡ ನಿಮಿಷಕ್ಕೆ ೪೫ರ ಆಸುಪಾಸಿನ ಸುತ್ತುಗಳನ್ನು ತಿರುಗುತ್ತದೆ, ಮತ್ತು ೫ ನ್ಯೂಟನ್-ಮೀಟರಿನಷ್ಟು ತಿರುಗುಬಲವನ್ನು ಬಿಸಿಯೇರದೆ ಕೊಡಬಲ್ಲುದು ಎಂದು ಭಾವಿಸಬಹುದು. ಕೊಳವೆಯ ಬಳೆಯ ಸುತ್ತ ಅರ್ಧ ಅಂಗುಲದ ಸರಪಣಿಯೊಂದನ್ನು ಸುತ್ತಿ ಅಲ್ಲಲ್ಲಿ ಬೆಸೆದರೆ ಅದೇ ಒಂದು ದೊಡ್ಡ ಹಲ್ಲುಗಾಲಿಯಾಗುತ್ತದೆ. ಮೂವತ್ತು ಸೆಂಟಿಮೀಟರ್ ವ್ಯಾಸದ ಬಳೆಗೆ ಸುಮಾರು ೭೫ ಕೊಂಡಿಗಳು ಹಿಡಿಯುತ್ತವೆ. ಮೋಟಾರಿನ ದಂಡಕ್ಕೆ ಮೋಟಾರು ಸೈಕಲ್ಲಿನ ೧೪ ಹಲ್ಲಿನ ಮುಂಗಾಲಿಯನ್ನು ಹಾಕಿ ಸರಪಣಿಗೆ ಕಚ್ಚಿಸಿದರೆ ವೇಗ ಐದು ಪಟ್ಟಿಗಿಂತ ಸ್ವಲ್ಪ ಹೆಚ್ಚಾಗಿ ತಗ್ಗುತ್ತದೆ. ತಿರುಗುಬಲ, ನಷ್ಟವನ್ನು ಕಳೆದು, ೨೨ರಿಂದ ೨೩ ನ್ಯೂಟನ್-ಮೀಟರಿಗೆ ಏರುತ್ತದೆ. ಕೊಳವೆಯು ೨೦೦ ಡಿಗ್ರಿ ತಿರುಗಲು ನಾಲ್ಕು ಸೆಕೆಂಡು. ಬೇಕಾದದ್ದು ೧೯, ಇರುವುದು ೨೨. ಲೆಕ್ಕ ಸರಿಹೋಯಿತೆಂದು ಸಂತೋಷಪಟ್ಟೆವು.

ಜೋಡಿಸಿ ಸ್ವಿಚ್ಚು ಒತ್ತಿದರೆ ಮೋಟಾರು ಮುಲುಗಿತು. ಕೊಳವೆ ಮನಸ್ಸಿಲ್ಲದ ಎತ್ತಿನಂತೆ ಕದಲಿತು. ಬಳೆಯ ಸಂದಿಗೆ ಹೊಟ್ಟು ಸೇರಿದ ಮೇಲೆ ಅದೂ ನಿಂತು ಫ್ಯೂಸು ಸುಟ್ಟುಹೋಯಿತು. ಮೋಟಾರು ಹಳೆಯದೆಂದು ಮೊದಲು ಅದನ್ನೇ ಶಂಕಿಸಿದೆವು. ತಪ್ಪು ಮೋಟಾರಿನದಾಗಿರಲಿಲ್ಲ, ನಮ್ಮ ಲೆಕ್ಕದ್ದು.

ತಪ್ಪು ಎಲ್ಲಿ ಎಂಬುದನ್ನು ಓದುಗರು ಮುಂದೆ ಓದುವ ಮೊದಲು ತಾವೇ ಹುಡುಕಬಹುದು. ಘರ್ಷಣೆಯನ್ನು ಲೆಕ್ಕ ಹಾಕುವಾಗ ನಾವು ಬಳೆಯ ಮೇಲಿನ ಒತ್ತಡವು ಕೊಳವೆಯ ತೂಕಕ್ಕೆ ಸಮವೆಂದು ಭಾವಿಸಿದ್ದೆವು. ಭಾರಕೇಂದ್ರವು ಬಳೆಯೊಳಗೆ ಇದ್ದಿದ್ದರೆ ಅದು ಸರಿ. ಆದರೆ ಅದಿರುವುದು ಅಕ್ಷದಿಂದ ೪೦ ಸೆಂಟಿಮೀಟರ್ ದೂರದಲ್ಲಿ. ಬಳೆಯ ತ್ರಿಜ್ಯವೋ ೧೫ ಮಾತ್ರ. ಕೊಳವೆ ಮಗುಚಿ ಬೀಳದಂತೆ ಹಿಂಬದಿಯಲ್ಲಿ ಕೊಕ್ಕೆಗಳು ಅದನ್ನು ಕೆಳಕ್ಕೆ ಅದುಮಿ ಹಿಡಿದಿವೆ. ಮುಂಬದಿಯ ಅಂಚು ಬಳೆಯನ್ನು ಕೆಳಕ್ಕೆ ಒತ್ತುತ್ತದೆ, ಹಿಂಬದಿಯ ಅಂಚು ಕೊಕ್ಕೆಯನ್ನು ಮೇಲಕ್ಕೆ ಒತ್ತುತ್ತದೆ. ಈ ಎರಡು ಒತ್ತಡಗಳ ವ್ಯತ್ಯಾಸ ೧೪೭ ನ್ಯೂಟನ್ ನಿಜ. ಆದರೆ ಘರ್ಷಣೆ ಹುಟ್ಟುವುದು ವ್ಯತ್ಯಾಸದಿಂದಲ್ಲ, ಮೊತ್ತದಿಂದ. ಅಕ್ಷದ ಸುತ್ತಣ ಸಮತೋಲವನ್ನು ಬರೆದು ನೋಡಿದರೆ ಆ ಮೊತ್ತವು ೧೪೭ನ್ನು ೪೦ರಿಂದ ಗುಣಿಸಿ ೧೫ರಿಂದ ಭಾಗಿಸಿದಷ್ಟು, ಎಂದರೆ ೩೯೨ ನ್ಯೂಟನ್. ಘರ್ಷಣೆಗೆ ಬೇಕಾದ ತಿರುಗುಬಲ ೯ ಅಲ್ಲ, ಸುಮಾರು ೨೪. ಇಳಿಜಾರನ್ನು ಸೇರಿಸಿದರೆ ೩೪. ಇರುವುದು ೨೨!

ಇಲ್ಲಿ ಎರಡು ದಾರಿಗಳಿವೆ. ಲಾರಿಯ ಮೋಟಾರಿನಂಥ ದೊಡ್ಡದನ್ನು ತರುವುದು ಒಂದು. ಅದು ಸುಲಭವಾದರೂ ಸೋಮಾರಿಯ ದಾರಿ, ಮೇಲಾಗಿ ಲಾರಿಯದು ಸಾಮಾನ್ಯವಾಗಿ ೨೪ ವೋಲ್ಟಿನದು. ಇನ್ನೊಂದು, ಘರ್ಷಣೆಯನ್ನು ಕಡಿಮೆ ಮಾಡುವುದು. ಬಳೆಯ ಕೆಳಗೆ ನಾಲ್ಕು, ಕೊಕ್ಕೆಗಳ ಒಳಗೆ ನಾಲ್ಕು, ಹೀಗೆ ನೈಲಾನಿನ ಬಿಲ್ಲೆಗಳನ್ನು ಕೂರಿಸಿದರೆ ಘರ್ಷಣಾಂಕ ೦.೨ಕ್ಕೆ ಇಳಿಯುತ್ತದೆ, ಆಗ ಘರ್ಷಣೆಯ ಪಾಲು ೧೨, ಇಳಿಜಾರಿನದು ೧೦, ಒಟ್ಟು ೨೨. ಕೆಟ್ಟ ಇಳಿಜಾರಿನಲ್ಲಿಯೂ ಮೋಟಾರು ತನ್ನ ಶಕ್ತಿಯೊಳಗೇ ಇರುತ್ತದೆ. ಸಮನೆಲದಲ್ಲಿ ಅರ್ಧದಷ್ಟೇ ಕೆಲಸ. ಎಲ್ಲಾದರೂ ಒಮ್ಮೆ ಸಿಕ್ಕಿಕೊಂಡರೆ ಕ್ಷಣಕಾಲ ಇದರ ಎರಡು ಮೂರು ಪಟ್ಟನ್ನೂ ಇಂಥ ಮೋಟಾರು ಕೊಡಬಲ್ಲುದು. ನೈಲಾನಿನ ಕಂಬಿಯಿಂದ ಇಂಥ ಬಿಲ್ಲೆಗಳನ್ನು ಕಡೆಯುವುದು ಚನ್ನಪಟ್ಟಣದ ಸೀಮೆಯವರಿಗೆ ಆಟದ ಮಾತು. ಬೊಂಬೆಗೆ ಒಗ್ಗುವ ಹಾಲೆ ಮರ ಬಹಳ ಮೃದುವಾದ್ದರಿಂದ ಇಲ್ಲಿ ಬಾರದು. ಮರವೇ ಬೇಕೆಂದರೆ ಗಾಡಿಯ ಗಾಲಿಗೆ ಬಳಸುವ ಕರಿಜಾಲಿಯನ್ನು ಎಣ್ಣೆಯಲ್ಲಿ ನೆನಸಿ ಹಾಕಬಹುದು. ಒಂದು ವಿನೋದವನ್ನು ಗಮನಿಸಬೇಕು. ಬೊಂಬೆ ಮಾಡುವವನು ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದರೆ ಘರ್ಷಣೆಯ ಕಾವಿಗೇ ಅರಗು ಕರಗಿ ಬಣ್ಣ ಹರಡುತ್ತದೆ. ಅವನು ಕೂಡಿಸಿಕೊಳ್ಳುವ ಘರ್ಷಣೆಯನ್ನೇ ನಾವು ಅವನ ಲೇತಿನ ನೆರವಿನಿಂದ ಓಡಿಸುತ್ತಿದ್ದೇವೆ.

ಘರ್ಷಣೆ ಕಡಿಮೆಯಾದೊಡನೆ ಹೊಸದೊಂದು ಪ್ರಶ್ನೆ ಏಳುತ್ತದೆ. ಹಿಂದೆ, ಕೊಳವೆಯನ್ನು ನೂಕಿದ ಕಡೆಯಲ್ಲಿ ನಿಲ್ಲಿಸುತ್ತಿದ್ದದ್ದು ಆ ಒರಟು ಘರ್ಷಣೆಯೇ. ಈಗ ಇಳಿಜಾರಿನ ೧೦ಕ್ಕೆ ಎದುರಾಗಿ ಘರ್ಷಣೆಯ ೧೨ ಮಾತ್ರ ಇದೆ. ಯಂತ್ರದ ಅದುರುವಿಕೆಯಲ್ಲಿ ಅಷ್ಟನ್ನೂ ನಂಬುವಂತಿಲ್ಲ. ತಿರುಗಣೆಯ ಗುಣವನ್ನು ಅದು ಎಷ್ಟು ಸಲೀಸಾಗಿ ತಿರುಗಿಸುತ್ತದೆಂಬುದರಿಂದ ಅಳೆಯುವುದು ಸಾಲದು. ಬಿಟ್ಟ ಜಾಗದಲ್ಲಿ ಎಷ್ಟು ಬಿಗಿಯಾಗಿ ಹಿಡಿಯುತ್ತದೆಂಬುದೇ ಮುಖ್ಯ. ಹಿಡಿಯದ ತಿರುಗಣೆಯಿದ್ದರೆ ಚಾಲಕನು ಮತ್ತೆ ಇಳಿದು ಕೈಹಾಕುತ್ತಾನೆ, ನಮ್ಮ ಶ್ರಮವೆಲ್ಲ ವ್ಯರ್ಥ. ಆದಕಾರಣ ಹಿಡಿತದ ಭಾರವನ್ನು ಬಳೆಯಿಂದ ತೆಗೆದು ಮೋಟಾರಿನೊಳಗಿರುವ ತಿರುಪಿಗೆ ಒಪ್ಪಿಸಬೇಕಾಗಿದೆ.

ವೈಪರ್ ಮೋಟಾರಿನೊಳಗೆ, ವೇಗವಾಗಿ ತಿರುಗುವ ದಂಡದ ತುದಿಯಲ್ಲಿ ತಿರುಪಿನ ಸುತ್ತುಗಳನ್ನು ಕೊರೆದಿರುತ್ತಾರೆ. ಅದು ಒಂದು ಹಲ್ಲುಗಾಲಿಯನ್ನು ಕಚ್ಚಿ ತಿರುಗಿಸುತ್ತದೆ. ಮೆಕಾನಿಕ್ಕುಗಳು ಇದನ್ನು ವರ್ಮ್ ಗೇರು ಎನ್ನುತ್ತಾರೆ. ಹೆಸರು ಹೊಸದಾದರೂ ತತ್ತ್ವ ನಮಗೆ ಪರಕೀಯವಲ್ಲ: ಹತ್ತಿಯಿಂದ ಬೀಜ ಬಿಡಿಸುವ ಹಳೆಯ ಭಾರತೀಯ ಚರಕಿಯಲ್ಲಿ ಎರಡು ಉರುಳೆಗಳನ್ನು ಎದುರುಬದುರಾಗಿ ತಿರುಗಿಸುತ್ತಿದ್ದದ್ದು ಮರದಲ್ಲಿ ಕೊರೆದ ತಿರುಪುಗಳೇ. ತಿರುಪು ಗಾಲಿಯನ್ನು ತಿರುಗಿಸಬಲ್ಲುದು. ಗಾಲಿಯು ತಿರುಪನ್ನು ತಿರುಗಿಸಲಾರದು. ಕಾರಣವನ್ನು ಇಳಿಜಾರಿನ ಹಲಗೆಯ ಮೇಲಿಟ್ಟ ಪೆಟ್ಟಿಗೆಯಿಂದ ತಿಳಿಯಬಹುದು. ಹಲಗೆಯ ಕೋನವು ಘರ್ಷಣಾಕೋನಕ್ಕಿಂತ ಕಡಿಮೆಯಿರುವವರೆಗೆ ಪೆಟ್ಟಿಗೆ ಜಾರದು, ಎಷ್ಟೇ ಭಾರವಿರಲಿ. ತಿರುಪಿನ ಸುತ್ತು ಎಂದರೆ ಕಂಬಕ್ಕೆ ಸುತ್ತಿದ ಇಳಿಜಾರಿನ ಹಲಗೆಯೇ ಸರಿ. ಎಣ್ಣೆ ಹಚ್ಚಿದ ತಿರುಪಿನಲ್ಲಿ ಘರ್ಷಣಾಂಕ ೦.೧ ಎಂದರೆ ಘರ್ಷಣಾಕೋನ ೫.೭ ಡಿಗ್ರಿ. ತಿರುಪಿನ ಏರುಕೋನ ಇದಕ್ಕಿಂತ ಸಾಕಷ್ಟು ಕಡಿಮೆಯಾಗಿದ್ದರೆ ಹಿಡಿತ ಸಿದ್ಧ. ಇಳಿಜಾರಿನ ೧೦ ನ್ಯೂಟನ್-ಮೀಟರು ಸರಪಣಿಯನ್ನು ದಾಟಿ ಮೋಟಾರಿನ ದಂಡಕ್ಕೆ ತಲಪುವಾಗ ಎರಡಕ್ಕಿಂತ ಕಡಿಮೆಯಾಗಿರುತ್ತದೆ. ಅಷ್ಟನ್ನು ತಿರುಪು ಅನಾಯಾಸವಾಗಿ ತಡೆಯುತ್ತದೆ.

ಆದರೆ ಪುಸ್ತಕದ ಪೆಟ್ಟಿಗೆ ನಿಶ್ಚಲವಾದ ಹಲಗೆಯ ಮೇಲಿರುತ್ತದೆ. ನಮ್ಮದು ಅದುರುವ ಹಲಗೆ. ಅದುರಿದ ಹಲಗೆಯ ಮೇಲೆ ಪೆಟ್ಟಿಗೆ ಕೂದಲೆಳೆ ಕೂದಲೆಳೆಯಾಗಿ ಜಾರುವುದನ್ನು ಯಾರಾದರೂ ಮೇಜಿನ ಮೇಲೆ ಪರೀಕ್ಷಿಸಿ ನೋಡಬಹುದು. ಕೊಳವೆಯೂ ಹಾಗೆಯೇ ಗಂಟೆಗಟ್ಟಲೆಯಲ್ಲಿ ಸ್ವಲ್ಪ ಸ್ವಲ್ಪ ಸರಿದೀತು. ಇದಕ್ಕೆ ವಿದ್ಯುತ್ತಿನ ಕಡೆಯಿಂದ ಇನ್ನೊಂದು ಹಿಡಿತವನ್ನು ಕೊಡಬೇಕು. ಸಂಪರ್ಕವನ್ನು ಸರಿಯಾಗಿ ಮಾಡಿದರೆ ಅದು ಬಿಟ್ಟಿಯಾಗಿ ದೊರೆಯುತ್ತದೆ.

ಏಕಮುಖ ಪ್ರವಾಹದ ಶಾಶ್ವತಕಾಂತ ಮೋಟಾರಿನ ತಂತಿಗಳನ್ನು ಅದಲುಬದಲು ಮಾಡಿದರೆ ಅದು ಹಿಮ್ಮೊಗವಾಗಿ ತಿರುಗುತ್ತದೆ. ಇದಕ್ಕೆ ಕಾರುಗಳಲ್ಲಿ ಬಳಸುವ ಐದು ಕಾಲಿನ ರಿಲೇಗಳು ಎರಡು ಸಾಕು. ಪ್ರತಿ ರಿಲೇಯ ಸಂಪರ್ಕ ಬದಲಿಸುವ ಕಾಲಿಗೆ ಮೋಟಾರಿನ ಒಂದೊಂದು ತಂತಿ. ರಿಲೇ ಸುಮ್ಮನಿರುವಾಗ ಆ ಕಾಲು ಬ್ಯಾಟರಿಯ ಋಣಕ್ಕೂ, ಎಳೆದಾಗ ಧನಕ್ಕೂ ತಾಗುವಂತೆ ಜೋಡಿಸಬೇಕು. ಎಡದ ಗುಂಡಿಯನ್ನು ಒತ್ತಿದರೆ ಒಂದು ರಿಲೇ ಎಳೆದು ಕೊಳವೆ ಎಡಕ್ಕೂ, ಬಲದ ಗುಂಡಿಯನ್ನು ಒತ್ತಿದರೆ ಇನ್ನೊಂದು ಎಳೆದು ಬಲಕ್ಕೂ ತಿರುಗುತ್ತದೆ. ಗಾಬರಿಯಲ್ಲಿ ಎರಡನ್ನೂ ಒತ್ತಿದರೆ ಎರಡು ತಂತಿಗಳೂ ಧನಕ್ಕೇ ತಾಗುವುದರಿಂದ ಮೋಟಾರು ನಿಲ್ಲುತ್ತದೆ, ಅನಾಹುತವಿಲ್ಲ. ಎರಡನ್ನೂ ಬಿಟ್ಟಾಗಿನ ಸ್ಥಿತಿಯೇ ಇಲ್ಲಿಯ ಸ್ವಾರಸ್ಯ. ಆಗ ಮೋಟಾರಿನ ಎರಡು ತಂತಿಗಳೂ ಋಣದಲ್ಲಿ ಒಂದಾಗಿರುತ್ತವೆ. ಮೋಟಾರು ಕದಲಿದರೆ ಅದು ಜನರೇಟರಾಗಿ ಪ್ರವಾಹವನ್ನು ಹುಟ್ಟಿಸುತ್ತದೆ. ಆ ಪ್ರವಾಹವು ತನ್ನನ್ನು ಹುಟ್ಟಿಸಿದ ಚಲನೆಯನ್ನೇ ತಡೆಯುತ್ತದೆ. ಲೆಂಟ್ಸನ ನಿಯಮವನ್ನು ತರಗತಿಯಲ್ಲಿ ಬಾಯಿಪಾಠ ಮಾಡಿದವರು ಮೋಟಾರಿನ ದಂಡವನ್ನು ಒಮ್ಮೆ ತಂತಿಗಳನ್ನು ಬಿಡಿಸಿಟ್ಟು, ಒಮ್ಮೆ ಕೂಡಿಸಿಟ್ಟು ಬೆರಳಿನಿಂದ ತಿರುಗಿಸಿ ನೋಡಬೇಕು. ಬೆರಳಿಗೇ ತಿಳಿಯುತ್ತದೆ. ಆದರೆ ಈ ತಡೆ ಚಲನೆಯಿರುವಾಗ ಮಾತ್ರ ಹುಟ್ಟುವುದರಿಂದ ಇದೊಂದನ್ನೇ ನಂಬಿದರೆ ಕೊಳವೆ ಮೆಲ್ಲಮೆಲ್ಲಗೆ ಜಾರುವುದು ತಪ್ಪದು. ತಿರುಪು ಹಿಡಿಯಬೇಕು, ಇದು ತಿರುಪಿಗೆ ಒತ್ತಾಸೆಯಾಗಬೇಕು.

ಜೋಡಿಸುವವರು ಎಡವುವ ಜಾಗವೊಂದನ್ನು ಇಲ್ಲಿ ಹೇಳಿಬಿಡಬೇಕು. ಅನೇಕ ವೈಪರ್ ಮೋಟಾರುಗಳಲ್ಲಿ ಒಂದು ಬ್ರಷ್ಷು ಮೋಟಾರಿನ ಮೈಗೇ ತಾಗಿರುತ್ತದೆ. ಕಾರಿನಲ್ಲಿ ಮೋಟಾರು ಒಂದೇ ದಿಕ್ಕಿಗೆ ತಿರುಗುವುದರಿಂದ ಅದು ಸರಿಯೇ. ಇಲ್ಲಿ ಅದನ್ನು ಟ್ರ್ಯಾಕ್ಟರಿನ ಕಬ್ಬಿಣಕ್ಕೆ ನೇರವಾಗಿ ಬಿಗಿದರೆ, ಮೈ ಸೇರಿದ ಕಡೆಯ ರಿಲೇ ಎಳೆದ ಕ್ಷಣದಲ್ಲಿ ಬ್ಯಾಟರಿಯ ಧನವು ನೇರವಾಗಿ ಋಣಕ್ಕೆ ತಾಗಿ ಫ್ಯೂಸು ಹೋಗುತ್ತದೆ. ಮೋಟಾರನ್ನು ಬಿಚ್ಚಿ ಆ ಬ್ರಷ್ಷಿನ ತಂತಿಯನ್ನು ಮೈಯಿಂದ ಬಿಡಿಸಿ ಹೊರಗೆಳೆಯುವುದು ಉತ್ತಮ. ಮೋಟಾರನ್ನೇ ರಬ್ಬರು ಮತ್ತು ನೈಲಾನಿನ ಮೇಲೆ ಕೂರಿಸಿ ಪ್ರತ್ಯೇಕಿಸುವುದು ಮಧ್ಯಮ, ಏಕೆಂದರೆ ಸರಪಣಿಯ ಮೂಲಕ ಮತ್ತೆ ಸಂಪರ್ಕ ಬರುತ್ತದೆ. ಮೂರು ಬ್ರಷ್ಷುಗಳಿದ್ದರೆ ಎದುರುಬದುರಾಗಿರುವ ಎರಡನ್ನು, ಎಂದರೆ ನಿಧಾನಗತಿಯವನ್ನು ಮಾತ್ರ ಬಳಸಬೇಕು. ಮೂರನೆಯದನ್ನು ಬಳಸಿದರೆ ಎರಡು ದಿಕ್ಕುಗಳಲ್ಲಿ ವೇಗ ಬೇರೆ ಬೇರೆಯಾಗುತ್ತದೆ.

ಕೊಳವೆ ತನ್ನ ಎಲ್ಲೆಯನ್ನು ಮುಟ್ಟಿದ ಮೇಲೂ ಗುಂಡಿಯನ್ನು ಒತ್ತಿಕೊಂಡಿದ್ದರೆ ಮೋಟಾರು ಸುಡುತ್ತದೆ. ಆದ್ದರಿಂದ ಎರಡು ಕೊನೆಗಳಲ್ಲಿ ಒಂದೊಂದು ಎಲ್ಲೆಸ್ವಿಚ್ಚನ್ನು ಇಡಬೇಕು. ಅದನ್ನು ಮೋಟಾರಿನ ತಂತಿಯಲ್ಲಿ ಹಾಕದೆ, ಆಯಾ ದಿಕ್ಕಿನ ರಿಲೇ ಸುರುಳಿಯ ತಂತಿಯಲ್ಲಿ ಹಾಕಿದರೆ, ಹರಿಯುವ ಪ್ರವಾಹ ಆಂಪಿಯರಿನ ಏಳನೆಯ ಒಂದು ಪಾಲಿನಷ್ಟೇ ಆದ್ದರಿಂದ ಅತಿ ಸಣ್ಣ ಸ್ವಿಚ್ಚೂ ಬಾಳುತ್ತದೆ. ಎಡದ ಎಲ್ಲೆ ಮುಟ್ಟಿದಾಗ ಎಡದ ರಿಲೇ ಮಾತ್ರ ಬಿಡುತ್ತದೆ, ಬಲಕ್ಕೆ ಬರಲು ಅಡ್ಡಿಯಿಲ್ಲ. ತಂತಿಯ ದಪ್ಪದಲ್ಲಿ ಜಿಪುಣತನ ಸಲ್ಲದು. ಬ್ಯಾಟರಿಯಿಂದ ಹೋಗಿ ಬರುವ ಆರು ಮೀಟರಿಗೆ ೨.೫ ಚದರ ಮಿಲಿಮೀಟರಿನ ತಾಮ್ರವನ್ನು ಹಾಕಿದರೆ ೭ ಆಂಪಿಯರಿನಲ್ಲಿ ನಷ್ಟ ೦.೩ ವೋಲ್ಟ್, ೧ ಚದರ ಮಿಲಿಮೀಟರಿನದನ್ನು ಹಾಕಿದರೆ ಮೋಟಾರು ತಿಣುಕಿ ೨೦ ಆಂಪಿಯರ್ ಎಳೆಯುವಾಗ, ಎಂದರೆ ಬಲವು ಅತಿ ಅಗತ್ಯವಾದಾಗಲೇ, ೨ ವೋಲ್ಟ್ ತಂತಿಯಲ್ಲಿ ಕಾವಾಗಿ ಹೋಗುತ್ತದೆ. ಹದಿನೈದು ಆಂಪಿಯರಿನ ಫ್ಯೂಸನ್ನು ಬ್ಯಾಟರಿಯ ಮಗ್ಗುಲಲ್ಲೇ ಇಡಬೇಕು, ಮೋಟಾರಿನ ಮಗ್ಗುಲಲ್ಲಿ ಅಲ್ಲ. ಒಣಹೊಟ್ಟು ತುಂಬಿದ ಯಂತ್ರದ ಪಕ್ಕದಲ್ಲಿ ತಂತಿ ಉಜ್ಜಿ ತಾಗಿದರೆ ಕಾಪಾಡಬೇಕಾದದ್ದು ಇಡೀ ತಂತಿಯನ್ನು.

ಸರಪಣಿಗೆ ಗ್ರೀಸು ಹಚ್ಚಬೇಕೆಂದು ಯಾರಿಗಾದರೂ ತೋರುತ್ತದೆ. ಹಚ್ಚಬಾರದು, ಗ್ರೀಸು ಹೊಟ್ಟನ್ನು ಹಿಡಿದು ಹಿಟ್ಟಿನ ಮುದ್ದೆಯಂತಾಗಿ ಹಲ್ಲುಗಳು ಮೇಲೇರಿ ಕುಪ್ಪಳಿಸುತ್ತವೆ. ಒಣ ಗ್ರಾಫೈಟು ಪುಡಿ ಸಾಕು. ಸರಪಣಿಯ ಮೇಲೆ ತಗಡಿನ ಮರೆ ಇರಬೇಕು, ಬೆರಳಿಗಾಗಿಯೂ ಹೊಟ್ಟಿಗಾಗಿಯೂ.

ಇಷ್ಟೆಲ್ಲ ಮಾಡಿದರೂ ಒಂದು ಸಂದರ್ಭದಲ್ಲಿ ಚಾಲಕನು ಇಳಿಯಲೇಬೇಕಾಗುತ್ತದೆ: ಹಸಿಮೇವು ಕೊಳವೆಯ ಕೊರಳಿನಲ್ಲಿ ಕಟ್ಟಿಕೊಂಡಾಗ. ಆಗ ತಿರುಗಣೆ ನಿರುಪಯೋಗಿ. ಪಿ.ಟಿ.ಓ.ವನ್ನು ಬಿಡಿಸಿ, ಇಂಜಿನನ್ನು ನಿಲ್ಲಿಸಿ, ಬೀಗದ ಕೈಯನ್ನು ಕಿತ್ತು ಜೇಬಿಗೆ ಹಾಕಿಕೊಂಡು, ಭಾರದ ಗಾಲಿ ಪೂರ್ತಿಯಾಗಿ ನಿಂತದ್ದನ್ನು ಕಣ್ಣಾರೆ ಕಂಡು, ಆಮೇಲೆ ಕೈಯಿಂದಲ್ಲ, ಕೋಲಿನಿಂದ ಬಿಡಿಸಬೇಕು. ಆ ಕೋಲನ್ನು ಸಿಕ್ಕಿಸಲು ಯಂತ್ರದ ಮೈಮೇಲೆಯೇ ಎರಡು ಬಳೆಗಳನ್ನು ಬೆಸೆದಿಡುವುದು ಒಳ್ಳೆಯದು. ಕೋಲು ಕೈಗೆಟುಕುವಂತಿಲ್ಲದಿದ್ದರೆ ಅದನ್ನು ಹುಡುಕಿಕೊಂಡು ಹೋಗುವವರು ವಿರಳ.